ನೀನೂ ನಗತೀಯಲ್ಲ ಪಪ್ಪಾ

ನಾನು ಆಪ್ತಸಮಾಲೋಚಕಿ. ಇದು ನನ್ನ ಹತ್ತಿರ ಬಂದ ಒಬ್ಬರ ವಿಷಯ, ಬರೆಯೋದಕ್ಕೆ ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು ಬದಲಿಸಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ, ಯಾಕಂದ್ರೆ ಅವರು ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು, ಖಾನಾಪುರ ತಾಲೂಕಿನಲ್ಲಿ ಸಿದ್ದಿಗಳಿರುವ ಊರುಗಳು ಹೆಚ್ಚಿಲ್ಲ, ಸ್ವಲ್ಪ ಸುಳಿವು ಕೊಟ್ಟರೂ ಯಾರು ಅಂತ ಗೊತ್ತಾಗಿಬಿಡುತ್ತದೆ.

ಅವರನ್ನು ಮಂಜುನಾಥ ಅಂತ ಕರೆಯೋಣ. ವಯಸ್ಸು 36. ಐಟಿಐ ಓದಿ ಬೆಳಗಾವಿಗೆ ಬಂದವರು, ಉದ್ಯಮಬಾಗ ಕಡೆ ಒಂದು ಮಷಿನ್ ಶಾಪ್‌ನಲ್ಲಿ, ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮಷಿನ್ ಆಪರೇಟರ್. ನಾಲ್ಕನೇ ಕ್ಲಾಸ್ ಓದುವ ಮಗ, ಅವನಿಗಿಂತ ಸಣ್ಣ ಮಗಳು. ಅವರನ್ನು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಹೆಂಡತಿ ಲಕ್ಷ್ಮಿ. "ರಾತ್ರಿ ನಿದ್ದಿ ಮಾಡಂಗಿಲ್ರಿ. ಮೊನ್ನೆ ಹುಡುಗಗ ಹೊಡದಾರ. ಯಾವತ್ತೂ ಕೈ ಎತ್ತಿದವರಲ್ರಿ" ಅಂದರು.

ಮೊದಲ ತಪ್ಪು ನನ್ನದೇ. ಬಾಗಿಲಲ್ಲಿ ಅವರ ಗುಂಗುರು ಕೂದಲು, ಮುಖ ನೋಡಿದ ಕೂಡಲೇ ನಾನು ಹಿಂದಿಯಲ್ಲಿ ಕೂತ್ಕೊಳ್ಳಿ ಅಂದೆ. ಯೋಚನೆ ಮಾಡಿ ಅಂದದ್ದಲ್ಲ, ಬಾಯಿಗೆ ಬಂದುಬಿಟ್ಟಿತು. "ನಾ ಖಾನಾಪುರದಾಂವ ರೀ ಮೇಡಮ್" ಅಂದರು ಅವರು, ಮತ್ತು ನಕ್ಕರು. ಆ ನಗು ನನಗೆ ಆಮೇಲೆ ಬಹಳ ದಿನ ಕಾಡಿತು. ಅವತ್ತೇ ಕ್ಷಮೆ ಕೇಳಿದೆ, ಯಾಕೆ ಹಾಗೆ ಮಾಡಿದೆ ಅನ್ನೋದನ್ನೂ ಹೇಳಿದೆ. ಬಂದವರನ್ನು ಬಣ್ಣ ನೋಡಿ ಹೊರಗಿನವರು ಅಂತ ಅಂದುಕೊಂಡದ್ದನ್ನು ನುಂಗಿಕೊಂಡು, ಮುಂದೆ ನಾನು ಅವರಿಗೆ ಏನು ಹೇಳಿದರೂ ಅದಕ್ಕೆ ಬೆಲೆ ಇರುತ್ತಿರಲಿಲ್ಲ.

ವಿಷಯ ಇಷ್ಟು. ಕಾರ್ಖಾನೆಯಲ್ಲಿ ಅವರ ಹೆಸರು "ಗೇಲ್". 2013ರ ಏಪ್ರಿಲ್‌ನಲ್ಲಿ ವೆಸ್ಟ್ ಇಂಡೀಸಿನ ಕ್ರಿಸ್ ಗೇಲ್ ಬೆಂಗಳೂರು ತಂಡಕ್ಕೆ 66 ಎಸೆತದಲ್ಲಿ 175 ಹೊಡೆದರಲ್ಲ, ಅದರ ಮರುದಿನ ಶಿಫ್ಟಿಗೆ ಹೋದಾಗ ಎಲ್ಲರೂ ಚಪ್ಪಾಳೆ ತಟ್ಟಿ ಹಾಗೆ ಕರೆದರಂತೆ. ಅವರಿಗೂ ಖುಷಿಯೇ ಆಗಿತ್ತು. ಅಷ್ಟು ದೊಡ್ಡ ಆಟಗಾರ, ಬೇಜಾರು ಮಾಡಿಕೊಳ್ಳೋದು ಏನಿದೆ? ಆದರೆ ಕ್ರಿಕೆಟ್ ಸೀಸನ್ ಮುಗಿದರೂ ಹೆಸರು ಹೋಗಲಿಲ್ಲ. ಹೊಸ ಹುಡುಗರಿಗೆ ಅವರ ನಿಜವಾದ ಹೆಸರೇ ಗೊತ್ತಿಲ್ಲ. ಸೂಪರ್‌ವೈಸರ್ ವಾಟ್ಸಾಪ್ ಗುಂಪಿನಲ್ಲಿ ಡ್ಯೂಟಿ ಹಾಕುವಾಗಲೂ "ಗೇಲ್, ಸೆಕೆಂಡ್ ಶಿಫ್ಟ್" ಅಂತಲೇ ಬರೆಯುತ್ತಾರೆ. ಫೋನ್ ತೆಗೆದು ನನಗೆ ತೋರಿಸಿದರು. ಉಳಿದವರದ್ದೆಲ್ಲ ಅಪ್ಪ ಅಮ್ಮ ಇಟ್ಟ ಹೆಸರು.

ಒಂದು ಭಾನುವಾರ ಮಗನ ಜೊತೆ ಚಹಾದಂಗಡಿ ಮುಂದೆ ನಿಂತಿದ್ದಾಗ ಕೆಲಸದವನೊಬ್ಬ ಬೈಕಿನಿಂದ "ಏ ಗೇಲ್!" ಅಂತ ಕೂಗಿ ಹೋದ. ಇವರು ಕೈ ಎತ್ತಿ ನಕ್ಕರು. ಮನೆ ಕಡೆ ನಡೆಯುವಾಗ ಹುಡುಗ, "ಪಪ್ಪಾ, ನಮ್ಮ ಶಾಲ್ಯಾಗ ನನಗೂ ಹಂಗ ಅಂತಾರ" ಅಂದ. ನೀ ಏನಂದಿ ಅಂತ ಕೇಳಿದರೆ, "ನಕ್ಕೆ. ನೀನೂ ನಗತೀಯಲ್ಲ ಪಪ್ಪಾ."

ಹೊಡೆದದ್ದು ಆಗ.

"ಅಂವ ಏನ್ ತಪ್ಪ ಮಾಡಿದ್ನ್ರಿ? ನಾ ಕಲಿಸಿದ್ದ ಮಾಡಿದಾ" ಅಂದರು ನನ್ನ ಮುಂದೆ. ಇದನ್ನು ಹೇಳೋದಕ್ಕೆ ಅವರಿಗೆ ಎರಡು ಭೇಟಿ ಬೇಕಾಯಿತು.

ನಾನು ಜನಾಂಗೀಯ ಭೇದ ಅಂದಾಗ ಅವರು ಒಪ್ಪಲಿಲ್ಲ. ಅದು ಹೊರದೇಶದಾಗ ಇರೋದಲ್ಲೇನ್ರಿ ಅಂದರು. ಸರಿ, ಆ ಶಬ್ದ ಬಿಡೋಣ, ಒಂದು ಪಾಕೆಟ್ ಡೈರಿ ತಗೊಳ್ಳಿ, ಎರಡು ವಾರ ನಡೆದದ್ದನ್ನು ನಡೆದ ಹಾಗೆ ಬರೀರಿ ಅಂದೆ. ತಾರೀಖು, ಯಾರು ಏನಂದರು, ಯಾರ ಮುಂದೆ, ಅಷ್ಟೇ. ಅಭಿಪ್ರಾಯ ಬೇಡ. ಡೈರಿ ವಾಪಸ್ ಬಂದಾಗ "ಗೇಲ್" ಅನ್ನೋದು ಅದರಲ್ಲಿ ತೀರಾ ಸಣ್ಣ ವಿಷಯವಾಗಿತ್ತು. ಹೊಸ ಸೆಕ್ಯುರಿಟಿಯವನು ಗೇಟಿನಲ್ಲಿ ಇವರ ಐಡಿ ಕಾರ್ಡ್ ಮಾತ್ರ ದಿನಾ ಕೇಳುತ್ತಾನೆ. ಒಬ್ಬ ಹುಡುಗ ಇವರ ಕೂದಲು ಮುಟ್ಟಿ ನೋಡುತ್ತಾನೆ. ಇನ್ನು ಕಸ್ಟಮರ್ ಕಡೆಯವರು ಆಡಿಟ್‌ಗೆ, ಅಂದರೆ ಕೆಲಸದ ತಪಾಸಣೆಗೆ, ಬಂದ ದಿನ ಸೂಪರ್‌ವೈಸರ್ ಬಂದು "ನೀ ಇವತ್ತ ಹಿಂದ ಸ್ಟೋರ್‌ನ್ಯಾಗ ಇರು" ಅಂದರು. ಇವರ ಮಷಿನ್ ಮುಂದೆ ಬೇರೆಯವನನ್ನು ನಿಲ್ಲಿಸಿದರು, ಆ ಪಾರ್ಟನ್ನು ಒಂದೇ ಒಂದು ಸಲವೂ ತಾನೇ ಮಾಡದವನನ್ನು. ಆಮೇಲೆ ಲೈನ್ ಲೀಡರ್ ಮಾಡಿದ್ದು ಅವನನ್ನೇ. ಇದು ಎಷ್ಟು ವರ್ಷದಿಂದ ಹೀಗಿದೆ ಅಂತ ಕೇಳಿದೆ. ಮದಲಿನಿಂದಲೂ ಅಂದರು. ಡೈರಿಯಲ್ಲಿ ಬರೆಯುವ ತನಕ ಅದನ್ನು ಅವರು ಆ ಹೆಸರಿನ ಜೊತೆ ಸೇರಿಸಿ ನೋಡಿರಲೇ ಇಲ್ಲ.

ನನಗೆ ಅನ್ನಿಸೋದು ಇದು: ಹೆಸರನ್ನು ತಮಾಷೆ ಅಂತ ಬಿಟ್ಟದ್ದರಿಂದ ಉಳಿದದ್ದೂ ತಮಾಷೆಯ ಲೆಕ್ಕದಲ್ಲೇ ನಡೆದುಹೋಯಿತು.

ಇನ್ನು ಮನೆ. ಲಕ್ಷ್ಮಿಯವರು ಸಿದ್ದಿಯೇ, ಯಲ್ಲಾಪುರ ಕಡೆಯವರು. ಅವರ ಮಾತು ಒಂದೇ, "ಸುಮ್ನ ಇರ್ರಿ, ಕೆಲಸ ಹೋದ್ರ ಸಾಲ ಯಾರು ತುಂಬ್ತಾರ?" ಮಂಜುನಾಥರಿಗೆ ಕಾರ್ಖಾನೆಯ ಮಾತಿಗಿಂತ ಈ ಮಾತು ಜಾಸ್ತಿ ನೋವು ಕೊಟ್ಟಿತ್ತು. ಹಾಗಂತ ಲಕ್ಷ್ಮಿಯವರನ್ನು ತಪ್ಪು ಅನ್ನೋದಕ್ಕೆ ನನಗೆ ಮನಸ್ಸು ಬರಲಿಲ್ಲ. ಅವರ ಅವ್ವ ಅವರಿಗೆ ಹೇಳಿಕೊಟ್ಟದ್ದು ಅದೇ, ಸುಮ್ಮನಿದ್ದೇ ಅವರು ಬದುಕಿ ಬಂದಿದ್ದಾರೆ. ಮಗಳ ಶಾಲೆಯ ಫೋಟೊ ದಿನ ಮುಖಕ್ಕೆ ಎರಡು ಸಲ ಪೌಡರ್ ಹಚ್ಚಿದ್ದನ್ನು ಹೇಳುತ್ತಾ ಅವರೇ ಅತ್ತರು. ಅವರಿಗೆ ನಾನು ಕೇಳಿದ್ದು ಬಹಳ ಸಣ್ಣದು. ಗಂಡ ಬಂದು ಹೇಳಿದಾಗ ಮೊದಲ ಹತ್ತು ನಿಮಿಷ ಸಲಹೆ ಕೊಡಬೇಡಿ, ಸಾಲದ ಮಾತು ತೆಗೆಯಬೇಡಿ, "ಮತ್ತ ಏನಂದ್ರು?" ಅಂತ ಅಷ್ಟೇ ಕೇಳಿ. ಸಾಲದ ಮಾತಿಗೆ ಬೇರೆ ದಿನ ಇಟ್ಟುಕೊಂಡೆವು. ಮೂವರೂ ಕೂತು ಕಂತು, ರೇಷನ್, ಶಾಲೆ ಫೀ ಬರೆದು, ಕೆಲಸ ಬಿಡಬೇಕಾದರೆ ಎಷ್ಟು ತಿಂಗಳು ತಡೆದುಕೊಳ್ಳಬಹುದು ಅಂತ ಲೆಕ್ಕ ಹಾಕಿದೆವು. ಲೆಕ್ಕ ಕಾಗದದ ಮೇಲೆ ಬಂದ ಮೇಲೆ ಲಕ್ಷ್ಮಿಯವರ ಹೆದರಿಕೆ ಸ್ವಲ್ಪ ಇಳಿಯಿತು.

ಮಗನಿಗೆ ಕ್ಷಮೆ ಕೇಳಿ ಅಂದೆ. ಹೊಡೆದದ್ದಕ್ಕೆ ಕಾರಣ ಕೊಡದೆ, ಉಪದೇಶ ಸೇರಿಸದೆ. ಆಮೇಲೆ, ನಾನು ನಗ್ತಿದ್ದದ್ದು ಖುಷಿಗಲ್ಲ, ಬೇರೆ ಏನು ಮಾಡೋದು ಗೊತ್ತಿರಲಿಲ್ಲ ಅಂತ ನಿಜ ಹೇಳಿ. ಮತ್ತೆ ನಮ್ಮ ಜನ ಎಲ್ಲಿಂದ ಬಂದರು ಅನ್ನೋದನ್ನು ಹುಡುಗ ಕ್ಲಾಸಿನವರ ಬಾಯಿಂದ ಕೇಳುವ ಮೊದಲು ನಿಮ್ಮ ಬಾಯಿಂದ ಕೇಳಲಿ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದದ್ದು, ತಪ್ಪಿಸಿಕೊಂಡವರು ಘಟ್ಟ ಹತ್ತಿ ಖಾನಾಪುರ, ಹಳಿಯಾಳ, ಯಲ್ಲಾಪುರದ ಕಾಡು ಸೇರಿದ್ದು, ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇರೋದು, ಡಮಾಮಿ ಬಾರಿಸಿ ಕುಣಿಯೋದು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಆದದ್ದು. ಇದರಲ್ಲಿ ಅರ್ಧ ಮಂಜುನಾಥರಿಗೂ ಹೊಸದು. ಮುಂದಿನ ರಜೆಗೆ ಊರಿಗೆ ಹೋದಾಗ ಹಿರಿಯರನ್ನು ಕೇಳುತ್ತೇನೆ ಅಂದರು.

ಶಾಲೆಯ ಕೆಲಸ ಬೇಗ ಮುಗಿಯಿತು. ಮಕ್ಕಳಿಗೆ ಶಿಕ್ಷೆ ಕೊಡಿ ಅನ್ನಬೇಡಿ, ಟೀಚರ್ ದಿನಾ ಹುಡುಗನನ್ನು ಅವನ ಹೆಸರಿನಿಂದ ಗಟ್ಟಿಯಾಗಿ ಕರೆಯಲಿ ಅಂತ ಕೇಳಿ ಅಂದಿದ್ದೆ. ಲಕ್ಷ್ಮಿಯವರು ಒಬ್ಬರೇ ಹೋಗಿ ಹೇಳಿ ಬಂದರು.

ಕಾರ್ಖಾನೆಗೆ ಮಾತ್ರ ಬಹಳ ತಯಾರಿ ಮಾಡಿದೆವು. "ನನ್ನ ಹೆಸರು ಮಂಜುನಾಥ. ಆ ಹೆಸರ್ಲೆ ಕರೀಬ್ಯಾಡ." ಇಷ್ಟೇ ಮಾತು. ನಾನು ಸಹೋದ್ಯೋಗಿಯಾಗಿ ಎದುರು ಕೂತೆ. ಅವರು ಹೇಳಿದರು, ಕೊನೆಗೆ ನಕ್ಕರು. ಮತ್ತೆ ಹೇಳಿಸಿದೆ, ಮತ್ತೆ ನಗು. ಮಾತು ಸರಿಯಾಗಿಯೇ ಬರುತ್ತಿತ್ತು, ಆದರೆ ಕೊನೆಯ ಶಬ್ದ ಮುಗಿಯುವ ಮೊದಲೇ ತುಟಿ ಅಗಲ ಆಗುತ್ತಿತ್ತು, ಅದು ಆಡಿದ್ದನ್ನೆಲ್ಲ ವಾಪಸ್ ತಗೊಂಡ ಹಾಗೆ. ಏಳನೇ ಸಲವೋ ಎಂಟನೇ ಸಲವೋ ನಗದೆ ನಿಂತರು. ಕೈ ನಡುಗುತ್ತಿತ್ತು. ತಮಾಷಿಗೆ ಅಂದೆ ಮಾರಾಯಾ ಅಂದರೆ ಏನು ಮಾಡ್ತೀರಿ ಅಂತ ಕೇಳಿದೆ. "ನಿನಗ ತಮಾಷಿ, ನನಗಲ್ಲ" ಅಂದು ಕೆಲಸಕ್ಕೆ ತಿರುಗಿಬಿಡೋದು, ವಿವರಣೆ ಕೊಡಬಾರದು ಅಂತ ತೀರ್ಮಾನ ಮಾಡಿದೆವು. ಮೊದಲು ಹೇಳಬೇಕಾದದ್ದು ತೀರಾ ಹತ್ತಿರದ ಗೆಳೆಯನಿಗೆ, ಪ್ರೀತಿಯಿಂದಲೇ ಆ ಹೆಸರು ಕರೆಯುವವನಿಗೆ. ಊಟದ ಹೊತ್ತಿಗೆ, ಇಬ್ಬರೇ ಇದ್ದಾಗ.

ಕಾನೂನನ್ನೂ ಮುಚ್ಚಿಡಲಿಲ್ಲ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಮಂಜುನಾಥರು ಇನ್ನೂ ಜಾತಿ ಪ್ರಮಾಣಪತ್ರ ಮಾಡಿಸಿರಲಿಲ್ಲ, ಮೊದಲು ತಹಶೀಲ್ದಾರ್ ಕಚೇರಿಗೆ ಅರ್ಜಿ ಹಾಕಿಸಿದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯ ಪ್ರಕಾರ ನಾಲ್ಕು ಜನರ ಎದುರು ಅವಮಾನ ಮಾಡಬೇಕು ಅಂತಲೇ ಹೀಯಾಳಿಸೋದು, ಜಾತಿ ಹೆಸರು ಹಿಡಿದು ಬೈಯೋದು ಅಪರಾಧ. ಆದರೆ ಪ್ರತಿ ಅಡ್ಡಹೆಸರೂ ಕೇಸ್ ಆಗುವುದಿಲ್ಲ, ಅದನ್ನು ವಕೀಲರೇ ಹೇಳಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪರಿಶಿಷ್ಟರಿಗೆ ವಕೀಲರು ಉಚಿತ. ದೌರ್ಜನ್ಯದ ದೂರು ಫೋನಿನಲ್ಲಿ ಹೇಳೋದಾದರೆ ರಾಷ್ಟ್ರೀಯ ಸಹಾಯವಾಣಿ 14566. ಹೆಂಗಸರ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯ ಪ್ರಕಾರ, 10 ಅಥವಾ ಹೆಚ್ಚು ಜನರಿದ್ದರೆ, ಕಂಪನಿಯೊಳಗೇ ಸಮಿತಿ ಇರಬೇಕು, ಬಣ್ಣದ ಅವಮಾನಕ್ಕೆ ಅಂಥ ಪ್ರತ್ಯೇಕ ಸಮಿತಿ ಕಾನೂನಿನಲ್ಲಿ ಇಲ್ಲ. ಇದು ನನಗೆ ಸಿಟ್ಟು ತರಿಸುವ ವಿಷಯ. 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದನ್ನು ಕೇಳಿ ನೋಡಿ ಅಂದೆ. ಕೇಸ್ ಬೇಡ ಅಂದರು ಮಂಜುನಾಥ. ಅದು ಅವರ ತೀರ್ಮಾನ, ನಾನು ಒತ್ತಾಯ ಮಾಡಲಿಲ್ಲ. ಡೈರಿ ಮಾತ್ರ ನಿಲ್ಲಿಸಬೇಡಿ ಅಂದೆ.

ಗೆಳೆಯ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಡಬ್ಬಿ ತೆಗೆದು ಎದುರಿಗೆ ಕೂತು "ಮಂಜ್ಯಾ, ರೊಟ್ಟಿ ತಗೋ" ಅಂದನಂತೆ. ಗುಂಪಿನಲ್ಲಿ ಸೂಪರ್‌ವೈಸರ್ ಈಗ ನಿಜವಾದ ಹೆಸರು ಬರೆಯುತ್ತಾರೆ, ಎದುರಿಗೆ ಸಿಕ್ಕರೆ "ಏನ್ರಿ ಸಾಹೇಬ್ರ" ಅಂತ ಕುಟುಕುತ್ತಾರೆ. ಇಬ್ಬರು ಹುಡುಗರು ಇನ್ನೂ ಗೇಲ್ ಅಂತಲೇ ಅನ್ನುತ್ತಾರೆ. ನಿದ್ದೆ ಪೂರ್ತಿ ಸರಿಹೋಗಿಲ್ಲ, ಆದರೆ ವಾರದಲ್ಲಿ ನಾಲ್ಕೈದು ರಾತ್ರಿ ಬರುತ್ತಿದೆ.

ಮುಂದಿನ ತಿಂಗಳು ಮತ್ತೆ ಆಡಿಟ್ ಇದೆ. ಆ ದಿನ ನಾನು ನನ್ನ ಮಷಿನ್ ಮೇಲೆಯೇ ಇರುತ್ತೇನೆ ಅಂತ ಒಂದು ಪುಟದ ಅರ್ಜಿ ಬರೆದು ಕೊಟ್ಟಿದ್ದಾರೆ. ಕಾಗದ ನೀಟಾಗಿ ಬರೆದವರು ಲಕ್ಷ್ಮಿ. ಉತ್ತರ ಇನ್ನೂ ಬಂದಿಲ್ಲ. ನಮ್ಮ ಮುಂದಿನ ಭೇಟಿಯನ್ನು ಆಡಿಟ್ ಮುಗಿದ ಮರುದಿನಕ್ಕೆ ಇಟ್ಟುಕೊಂಡಿದ್ದೇವೆ.