ಮಳೆ ಲೆಕ್ಕ ತಪ್ಪುವ ಎಐ ಸಹಾಯಕ

ಪ್ರಶ್ನೆ: ನಮ್ಮ ಕುಟುಂಬದ ಐದು ತೋಟಗಳ ಮಳೆ, ಕಾಫಿ ತೂಕ, ಕೆಲಸದವರ ಹಾಜರಿ ಬರೆದಿಡಲು ನಾನೇ ಒಂದು ತಂತ್ರಾಂಶ ಮಾಡಿಕೊಂಡಿದ್ದೇನೆ. ಈಚೆಗೆ ಅದನ್ನು ಎಐ ಏಜೆಂಟಿಗೆ (ಬೇರೆ ತಂತ್ರಾಂಶಗಳನ್ನು ತಾನೇ ಬಳಸಿ ಉತ್ತರ ಕೊಡುವ ಸಹಾಯಕ) ಜೋಡಿಸಿದೆ. ಮಾರ್ಚ್‌ನಲ್ಲಿ ಎಷ್ಟು ಮಳೆಯಾಯಿತು ಎಂದು ಕೇಳಿದರೆ 185 ಮಿಲಿಮೀಟರ್ ಎನ್ನುತ್ತದೆ. ಬಿದ್ದದ್ದು ಒಂದು ಇಂಚು 85 ಸೆಂಟು. ಹೆಚ್ಚು ದುಬಾರಿ ಮಾಡೆಲ್ ಕೊಳ್ಳಬೇಕೇ?
– ಓದುಗರು, ಗೋಣಿಕೊಪ್ಪಲು

ಉತ್ತರ: ಬೇಡ, ಆ ಹಣ ಗೊಬ್ಬರಕ್ಕಿರಲಿ. ನಿಮ್ಮ ತಂತ್ರಾಂಶದ ಒಂದೊಂದು ಕೆಲಸವೂ ಏಜೆಂಟಿಗೆ ಒಂದೊಂದು ‘ಸಾಧನ’. ಮಳೆಯ ಸಾಧನಕ್ಕೆ ನೀವು ಬರೆದು ಪತ್ರದೊಂದಿಗೆ ಕಳಿಸಿದ ವಿವರಣೆಯಲ್ಲಿ ಇರುವುದು ಒಂದೇ ಸಾಲು: ‘ಮಳೆ ಮಾಹಿತಿ ಕೊಡುತ್ತದೆ.’ ಒಳಗೆ ನೀವು ತುಂಬಿಟ್ಟಿರುವುದು ಸೆಂಟು, ಅಂದರೆ ಇಂಚಿನ ನೂರನೇ ಒಂದು ಪಾಲು; ಹೊರಗೆ ಬರುವುದು ಬರೀ 185. ಮಿಲಿಮೀಟರ್ ಎನ್ನುವುದನ್ನು ಏಜೆಂಟ್ ಊಹಿಸಿಕೊಂಡಿದೆ. ನಿಜವಾದ ಲೆಕ್ಕ 47 ಮಿಲಿಮೀಟರ್.

ಈ ಏಜೆಂಟ್ ನಿಮ್ಮ ಕೋಡನ್ನು ತೆರೆದು ನೋಡುವುದಿಲ್ಲ. ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಹೊರತಂದ, ಎಐಯನ್ನು ಹೊರಗಿನ ತಂತ್ರಾಂಶಗಳಿಗೆ ಜೋಡಿಸುವ ಎಂಸಿಪಿ ಪದ್ಧತಿಯಲ್ಲಿ ಜೋಡಿಸಿದ್ದೇನೆ ಎಂದಿದ್ದೀರಿ. ಅದರಲ್ಲಿ ಮುಖ್ಯವಾಗಿ ಏಜೆಂಟಿನ ಕಣ್ಣಿಗೆ ಬೀಳುವುದು ಸಾಧನದ ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ. ನಿಮ್ಮ ತಲೆಯಲ್ಲಿರುವ ಸೆಂಟು ಅದಕ್ಕೆ ಕಾಣುವ ದಾರಿಯೇ ಇಲ್ಲ.

ನನ್ನ ತಂದೆ ಸಿದ್ದಾಪುರದ ಹತ್ತಿರದ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರು ಆಗಿದ್ದರು. ರಜೆಗೆ ಹೊರಟಾಗ ಬದಲಿಗೆ ಬರುವವರಿಗಾಗಿ ಮಳೆ ಪುಸ್ತಕದ ಮೊದಲ ಪುಟಕ್ಕೆ ಒಂದು ಚೀಟಿ ಅಂಟಿಸುತ್ತಿದ್ದರು. ಅದು ಈಗಲೂ ನನ್ನ ಬಳಿ ಇದೆ. ‘ಬೆಳಿಗ್ಗೆ ಎಂಟೂವರೆಗೆ ಅಳೆಯುವುದು. ಮಳೆ ಇಲ್ಲದಿದ್ದರೆ ಸೊನ್ನೆ ಬರೆಯುವುದು. ಅಳೆಯಲು ಮರೆತರೆ ಅಡ್ಡಗೆರೆ ಎಳೆಯುವುದು, ಸೊನ್ನೆ ಹಾಕಬಾರದು.’ ಕೊನೆಯ ಮಾತಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ರೊಬಸ್ಟಾ ಕಾಫಿಯ ಹೂ ಅರಳಿದ ಮೇಲೆ ಇನ್ನೊಂದು ಮಳೆ ಬಂತೋ ಇಲ್ಲವೋ ನೋಡಿ ಸ್ಪ್ರಿಂಕ್ಲರ್ ಹೂಡುವ ಊರು ನಮ್ಮದು. ಮಳೆ ಬಾರದ ದಿನವನ್ನೂ ಅಳೆಯದ ದಿನವನ್ನೂ ಒಂದೇ ಎಂದು ಓದಿದರೆ ಇಡೀ ವರ್ಷದ ಫಸಲಿನ ಮಾತು ಕೆಡುತ್ತದೆ. ನಿಮ್ಮ ಏಜೆಂಟ್ ದಿನವೂ ಹೊಸದಾಗಿ ಕೆಲಸಕ್ಕೆ ಬರುವ ಬದಲಿ ರೈಟರ್. ಅದಕ್ಕೂ ಇಂಥ ಚೀಟಿಯೇ ಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

‘ಒಂದು ತೋಟದ ದಿನವಾರು ಮಳೆಯನ್ನು ಸೆಂಟಿನಲ್ಲಿ ಕೊಡುತ್ತದೆ. 100 ಸೆಂಟು ಎಂದರೆ 1 ಇಂಚು, 25.4 ಮಿಲಿಮೀಟರ್. ದಿನಾಂಕ ವರ್ಷ, ತಿಂಗಳು, ದಿನದ ಕ್ರಮದಲ್ಲಿರಲಿ: 2025-03-04. ಇದು ಆ ದಿನ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳ ಮಳೆ. ಉತ್ತರ ಖಾಲಿ ಬಂದರೆ ಅಂದು ಅಳೆದಿಲ್ಲ ಎಂದರ್ಥ, ಮಳೆ ಇಲ್ಲ ಎಂದಲ್ಲ. ಮಳೆ ಮುನ್ಸೂಚನೆ ಇದರಲ್ಲಿ ಇಲ್ಲ.’

ಕೊನೆಯ ವಾಕ್ಯ ಬಿಡಬೇಡಿ. ಸಾಧನದಿಂದ ಏನಾಗುವುದಿಲ್ಲ ಎಂದು ಹೇಳದಿದ್ದರೆ ‘ನಾಳೆ ಮಳೆ ಇದೆಯೇ’ ಎಂಬ ಪ್ರಶ್ನೆಗೂ ಏಜೆಂಟ್ ನಿಮ್ಮ ಹಳೆಯ ದಾಖಲೆಯನ್ನೇ ಕೆದಕಬಹುದು.

ತೂಕದ ಸಾಧನದಲ್ಲಿ ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸಿದ ಪದ ‘ಚೆರಿ’. ನಮ್ಮ ವ್ಯಾಪಾರದಲ್ಲಿ ಚೆರಿ ಎಂದರೆ ಕಣದಲ್ಲಿ ಒಣಗಿಸಿದ ಕಾಫಿ. ಹೊರ ದೇಶಗಳ ಕಾಫಿ ಬರಹಗಳಲ್ಲಿ ಅದೇ ಪದಕ್ಕೆ ಗಿಡದಿಂದ ಆಗಷ್ಟೇ ಕೊಯ್ದ ಹಣ್ಣು ಎಂಬ ಅರ್ಥ. ಒಣಗಿದರೆ ಹಣ್ಣಿನ ತೂಕ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ‘ಒಣಗಿದ ಚೆರಿ, 50 ಕಿಲೋ ಚೀಲಗಳಲ್ಲಿ’ ಎಂದು ಬಿಡಿಸಿಯೇ ಬರೆಯಿರಿ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಕಾಫಿ) ಇದ್ದರೆ ಅದಕ್ಕೆ ಬೇರೆಯೇ ಜಾಗ ಕೊಡಿ.

ತಪ್ಪಾದಾಗ ನಿಮ್ಮ ತಂತ್ರಾಂಶ ‘ದೋಷ 4’ ಎನ್ನುತ್ತದೆ. ಅದನ್ನು ಓದಿ ಏಜೆಂಟ್ ಏನು ತಿದ್ದಿಕೊಳ್ಳಬೇಕು? ‘ಈ ಹೆಸರಿನ ತೋಟವಿಲ್ಲ, ಮೊದಲು ತೋಟಗಳ ಪಟ್ಟಿ ಕೇಳಿ’ ಎನ್ನಲಿ. ಹಾಜರಿ ಅಳಿಸುವ ಸಾಧನವನ್ನು ಮಾತ್ರ ಈಗಲೇ ಏಜೆಂಟಿನಿಂದ ಬಿಡಿಸಿ. ವಿವರಣೆ ಎಷ್ಟೇ ಚೆನ್ನಾಗಿರಲಿ, ಒಬ್ಬರ ಕೂಲಿಯ ದಾಖಲೆ ನೀವು ಒಪ್ಪಿಗೆ ಒತ್ತದೆ ಅಳಿಯಬಾರದು.

ಪ್ರಶ್ನೆ: ಏಜೆಂಟಿಗೆ ಕೊಡುವ ಸಾಧನದ ವಿವರಣೆಯನ್ನು ಕನ್ನಡದಲ್ಲಿಯೇ ಬರೆಯಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಧಾರಾಳವಾಗಿ. ಸಾಧನದ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಇಡಿ, ಕೆಲವು ಸೇವೆಗಳು ಬೇರೆ ಲಿಪಿಯನ್ನು ಒಪ್ಪುವುದಿಲ್ಲ. ಊರಿನ ಹೆಸರುಗಳನ್ನು ಏಜೆಂಟಿನ ಊಹೆಗೆ ಬಿಡಬೇಡಿ. ಹಳೆಯ ರಿಜಿಸ್ಟರಿನಲ್ಲಿ ಮರ್ಕೆರಾ ಎಂದಿದ್ದರೆ, ಅದು ಮಡಿಕೇರಿಯೇ ಎಂದು ಪಟ್ಟಿಯಲ್ಲಿ ಬರೆದುಕೊಡಿ.