ಓದುಗರ ಪ್ರಶ್ನೆ: ಅಜ್ಜನ ಗುಟ್ಟು, ಕಾಣೆಯಾದ ಒಡವೆ

ಪ್ರಶ್ನೆ: ವಂಶದ ಗುಟ್ಟು, ಕಳೆದ ನಿಧಿ, ಗೂಢಚಾರರಿರುವ ಐತಿಹಾಸಿಕ ಕಾದಂಬರಿ ಅಷ್ಟು ಹಿಡಿಸುವುದೇಕೆ? ಕೊಡಗಿನ ಹಿನ್ನೆಲೆಯಲ್ಲಿ ಒಂದನ್ನು ಬರೆಯುವುದು ಹೇಗೆ?
– ಓದುಗರು, ವಿರಾಜಪೇಟೆ

ಉತ್ತರ: ನಿಧಿಗಿಂತ ವಾರಸುದಾರಿಕೆಯೇ ಹಿಡಿದಿಡುತ್ತದೆ. ಯಾರದೋ ಗುಟ್ಟನ್ನು ನಾಯಕ ಬಿಟ್ಟು ನಡೆಯಬಹುದು, ಅಜ್ಜನದನ್ನು ಬಿಡಲಾಗದು.

ಕೊಡಗಿನಲ್ಲಿ ಸಾಮಗ್ರಿ ಧಾರಾಳ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕೊಡಗು ರಾಜ್ಯವನ್ನು ಕಿತ್ತುಕೊಂಡಿತು. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಕಾಶಿಗೆ, ಅಲ್ಲಿಂದ 1852ರಲ್ಲಿ ಇಂಗ್ಲೆಂಡಿಗೆ ಹೋಗಿ, ತನ್ನ ಹಣಕ್ಕಾಗಿ ಕಂಪನಿಯ ಮೇಲೆಯೇ ದಾವೆ ಹೂಡಿದ. ಮಗಳು ಗೌರಮ್ಮ 1864ರಲ್ಲಿ ತೀರಿಕೊಂಡ ಮೇಲೆ ಅವಳ ಗಂಡ ಕರ್ನಲ್ ಕ್ಯಾಂಪ್‌ಬೆಲ್ ಒಡವೆಗಳೊಂದಿಗೆ ಕಾಣೆಯಾದನೆಂಬ ಮಾತಿದೆ. ಇಷ್ಟಿರುವಾಗ ಹುಸಿ ರಾಜವಂಶ ಬೇಡವೇ ಬೇಡ.

ಇಂಥ ಕಥೆ ಸೋಲುವುದು ಲೆಕ್ಕದಲ್ಲಿ. 1834ರಿಂದ ಇಂದಿಗೆ ಏಳೆಂಟು ತಲೆಮಾರು. ಅಷ್ಟು ಕಾಲ ಯಾರೂ ಪೆಟ್ಟಿಗೆ ತೆರೆಯಲಿಲ್ಲವೆಂದರೆ ನಂಬುವವರಾರು? ಕಥೆಯನ್ನು 1930ರ ಸುಮಾರಿಗೆ ಇಡಿ, ನಾಲ್ಕು ತಲೆಮಾರಾಗುತ್ತದೆ. ಗುಟ್ಟನ್ನು ಎರಡು ಒಕ್ಕಗಳಿಗೆ (ಕೊಡವ ಮನೆತನಗಳಿಗೆ) ಹಂಚಿ: ಒಂದರಲ್ಲಿ ಓಲೆ, ಇನ್ನೊಂದರಲ್ಲಿ ಅದನ್ನು ಓದುವ ಕ್ರಮ. ತಡವಾದುದಕ್ಕೆ ಕಾರಣವೂ ಸಿಕ್ಕಿತು, ಗೂಢಚಾರನಿಗೆ ಕೆಲಸವೂ. ಐನ್‌ಮನೆಯ (ಒಕ್ಕದ ಪೂರ್ವಿಕರ ಮನೆಯ) ಅಟ್ಟದಲ್ಲಿ ಬರಿಯ ಕಾಗದ ಇಡಬೇಡಿ. ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ, ಉಳಿದುದು ಗೆದ್ದಲಿಗೆ. ಒಲೆಯ ಹೊಗೆಯಾಡುವ ಕಡೆ ತಾಳೆಯೋಲೆ ಇಡಿ. ಇನ್ನು ಆ ಕಾಲದಲ್ಲಿ 1878ರ ನಿಧಿ ಕಾಯ್ದೆಯಂತೆ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕಿತ್ತು. ಕೊನೆಯ ಅಧ್ಯಾಯದ ಬಿಕ್ಕಟ್ಟನ್ನು ಅಲ್ಲಿಂದಲೇ ಕಟ್ಟಿ.