ರಕ್ತದಲ್ಲಿ ಪ್ಲಾಸ್ಟಿಕ್: ಪರೀಕ್ಷೆ ಮಾಡಿಸಲೇ?

ಪ್ರಶ್ನೆ: ಡಾಕ್ಟ್ರೇ, ಐದು ವರ್ಷದಿಂದ ಆಫೀಸಿನಲ್ಲಿ ಮಧ್ಯಾಹ್ನದ ಊಟವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ಮೈಕ್ರೋವೇವ್‌ಗಿಟ್ಟು ಬಿಸಿ ಮಾಡಿ ತಿಂದಿದ್ದೇನೆ. ಪ್ಲಾಸ್ಟಿಕ್ ಕಣಗಳು ರಕ್ತಕ್ಕೂ ಸೇರುತ್ತವೆಂದು ಓದಿದಾಗಿನಿಂದ ನಿದ್ದೆಯಿಲ್ಲ. ರಕ್ತಪರೀಕ್ಷೆ ಮಾಡಿಸಲೇ?

ಉತ್ತರ: ಬೇಡ. ಬಂದ ಸಂಖ್ಯೆ ಹೆಚ್ಚೋ ಕಡಿಮೆಯೋ ಎನ್ನಲು ನನ್ನ ಬಳಿ ಅಳತೆಗೋಲೇ ಇಲ್ಲ. ಕಣಗಳನ್ನು ಹೊರಹಾಕುವ ಔಷಧಿಯೂ ಇಲ್ಲ. ನೀವು ಓದಿದ್ದೇನೋ ನಿಜ. 2022ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 22 ಜನರ ರಕ್ತ ನೋಡಿದಾಗ 17 ಮಂದಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿತ್ತು.

ನನ್ನನ್ನು ಹೆಚ್ಚು ಕಾಡಿದ್ದು 2024ರ ಇಟಲಿಯ ಅಧ್ಯಯನ. ಕತ್ತಿನ ರಕ್ತನಾಳದಿಂದ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಕೊಬ್ಬಿನ ಪದರದಲ್ಲಿ ಪ್ಲಾಸ್ಟಿಕ್ ಇದ್ದವರಿಗೆ, ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಉಳಿದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಆದರೆ ಪ್ಲಾಸ್ಟಿಕ್ಕೇ ಕಾರಣವೆಂದು ಅದರಿಂದ ಸಾಬೀತಾಗಿಲ್ಲ. ಎರಡೂ ಒಟ್ಟಿಗೆ ಕಂಡವು, ಅಷ್ಟೇ.

ಡಬ್ಬಿಯನ್ನು ಮಾತ್ರ ಇವತ್ತೇ ಬಿಡಿ. ಬಿಸಿ ತಾಗಿದಷ್ಟೂ ಕಣ ಉದುರುತ್ತದೆ. ‘ಮೈಕ್ರೋವೇವ್ ಸೇಫ್’ ಎಂಬ ಮುದ್ರೆ ಇದ್ದರೆ ಕಣ ಉದುರುವುದಿಲ್ಲ ಎಂದರ್ಥವಲ್ಲ. ಗಾಜು ಅಥವಾ ಪಿಂಗಾಣಿಯಲ್ಲಿ ಬಿಸಿ ಮಾಡಿ. (ನನ್ನ ಹಳೇ ಡಬ್ಬಿಗಳಲ್ಲಿ ಈಗ ಗುಂಡಿ, ಮೊಳೆಗಳಿವೆ.) ಸಿಂಥೆಟಿಕ್ ಬಟ್ಟೆಯ ನೂಲೂ ಪ್ಲಾಸ್ಟಿಕ್ಕೇ, ಅದು ಮನೆಯ ಧೂಳಲ್ಲೂ ಇರುತ್ತದೆ; ಒದ್ದೆ ಬಟ್ಟೆಯಿಂದ ಒರೆಸಿ.

ಪರೀಕ್ಷೆಗೆಂದು ಎತ್ತಿಟ್ಟ ದುಡ್ಡಿದ್ದರೆ ಬಿ.ಪಿ., ಕೊಲೆಸ್ಟರಾಲ್ ನೋಡಿಸಿಕೊಳ್ಳಿ. ಅವಕ್ಕೆ ನನ್ನ ಬಳಿ ಔಷಧಿ ಇದೆ.